ಒಂದು ಮನಿ ಅಳತಿ

ತೀನ್ ಕಂದೀಲ್ ಹತ್ತಿರದ ಬೇಕರಿ ಶಟರ್ ಎಳೆದ ದಿನ
ಮೌಲಪ್ಪ ಹಗಲೊತ್ತಿನ್ಯಾಗ ಮನಿಗೆ ಬಂದ.
ಹದಿನೇಳು ವರ್ಷದಾಗ ಬೆಳಕಿನ್ಯಾಗ
ಗಂಡನ ಮುಖ ಸರಿಯಾಗಿ ನೋಡಿದ್ದು ಅವತ್ತೇ:
ಭಟ್ಟಿಯ ಉಸಿರಿಗೆ ಅರ್ಧ ಸುಟ್ಟ ಹುಬ್ಬು,
ಕಿವಿ ಹಿಂದ ಇನ್ನೂ ಮೈದಾ.

ರಾತ್ರಿ ಎರಡಕ್ಕ ಎದ್ದು ಕೂಡ್ತಿದ್ದ.
ಅದು ಹಿಟ್ಟು ನಾದೋ ಹೊತ್ತು, ಮೈಗೆ ಗೊತ್ತು;
ಲಾಕ್‌ಡೌನ್ ಅಂತ ಕೈಗೆ ಯಾರು ಹೇಳಬೇಕು?
ದೂರದಾಗ ಶಕ್ತಿನಗರಕ್ಕ ಕಲ್ಲಿದ್ದಲು ಹೊತ್ತ ರೈಲು.
"ಅದಕ್ಕರೆ ಕೆಲಸ ಅದ ನೋಡು" ಅಂದ,
ನನಗಂದನೋ, ಗ್ವಾಡಿಗಂದನೋ.

ಓಣಿ ತುಂಬ ಎಲ್ಲರೂ ಮೊಬೈಲ್ ನೋಡಿ
ಕುಕ್ಕರಿನ್ಯಾಗ ಕೇಕ್ ಮಾಡಾಕ ಹತ್ತಿದ್ರು.
ಮಾಳಿಗಿಯಿಂದ ಮಾಳಿಗಿಗೆ ಕೂಗಿ ಕೇಳ್ತಿದ್ರು:
"ಮೌಲಪ್ಪಣ್ಣ, ನಡುವ ಯಾಕ ಕುಸಿತು?
ಒಂದು ಕಪ್ಪಿಗೆ ಸೋಡಾ ಎಷ್ಟು?"
"ಕಪ್ ಅಂದ್ರ ಯಾವ ಕಪ್?" ಅಂತ ಇವನು.
ಐದುನೂರು ಬನ್ನಿಗೆ ಕೇಳ್ರಿ, ಕಣ್ಣು ಮುಚ್ಚಿ ಹೇಳ್ತಾನ.
ಚೀಲಕ್ಕ ಇಷ್ಟು ಡಾಲ್ಡಾ, ಇಷ್ಟು ಬಕೀಟು ನೀರು.
ಮೂರು ಮಂದಿಗೆ ಮಾಡೋದು
ಅವನಿಗೆ ಯಾರೂ ಕಲಿಸಿದ್ದಿಲ್ಲ.

ಮೊದಲನೇದು ಕಲ್ಲಾತು.
ಆಡು ಮೂಸಿ ನೋಡಿ ಮುಖ ತಿರುವಿತು.
ಮಗಳು ಗಂಗೂ ಅದರಿಂದ ಬಾಗಿಲ ಸಂದಿ ಬಂದ್ ಮಾಡಿದಳು.
ನಕ್ಕೆವು. ಅವನೂ ನಕ್ಕ, ತಡವಾಗಿ.

"ನೀ ರೊಟ್ಟಿಗೆ ಹೆಂಗ ಅಳಿತಿ?" ಅಂತ ಕೇಳಿದ.
ನಾನೆಲ್ಲಿ ಅಳಿತೀನಿ.
ಬುಟ್ಟಿಗೆ ಕೈ ಹಾಕಿದಾಗ ಮನ್ಯಾಗ ಯಾರು ಯಾರು ಅದಾರ ಅಂತ
ಬೆರಳು ತಾವೇ ನೆನಸ್ಕೋತಾವ, ಅಷ್ಟ.
ಬಾಯಿ ಎಣಿಸಿ ಹಿಟ್ಟು ತಗಿ ಅಂದೆ.
ಕಬ್ಬಿಣದ ತೊಟ್ಟಿಯಷ್ಟು ನಾದಿದ ಕೈ
ನನ್ನ ಪರಾತಿನ್ಯಾಗ ಇಳಿದು
ಸಣ್ಣ ಮಕ್ಕಳ ಅಂಗಿ ಹಾಕ್ಕೊಂಡಂಗ ಇಕ್ಕಟ್ಟಾತು.

ಈಸ್ಟ್ ಎಲ್ಲೂ ಸಿಗಲಿಲ್ಲ. ಮೊಸರು, ಚೂರು ಸಕ್ಕರಿ,
ಮ್ಯಾಲ ಹಸಿ ಅರಿವಿ, ಮಾಳಿಗಿ ಮ್ಯಾಲ ಮೇ ತಿಂಗಳು.
ಬೇಕರಿಯಾಗ ಇದೇ ಬಿಸಿಲಿಗೆ ಅಂಜಿ
ಹಿಟ್ಟಿಗೆ ಐಸ್ ಹಾಕ್ತಿದ್ರಂತ.
ಇಲ್ಲಿ ಬಿಸಿಲು ಪುಕ್ಕಟೆ ಆಳಾತು:
ತಾಸಿನ್ಯಾಗ ಹಿಟ್ಟು ಅರಿವಿ ಎತ್ತಿಕೊಂಡು ಎದ್ದಿತ್ತು.

ನಾಲ್ಕು ಬನ್ನು ಬಂದ್ವು. ಒಂದು ಸೊಟ್ಟ.
ಮೂರು ಬಾಯಿ ಎಣಿಸಿದವನು ನಾಲ್ಕು ಯಾಕ ಮಾಡಿದ
ಅಂತ ನಾ ಕೇಳಲಿಲ್ಲ.

ಮಂಗಳವಾರಪೇಟೆ ಹಿಂದಿನ ಗಲ್ಲಿಗೆ ತಗಡು ಬಡಿದಿದ್ರು.
ತಗಡಿನಾಚೆ ಅವನ ಮಾಲಕ, ಖಾಜಾ ಸಾಹೇಬ್ರು.
ಬನ್ನನ್ನ ಉದ್ದನ ಕೋಲಿನ ಚೀಲಕ್ಕ ಕಟ್ಟಿ
ತಗಡಿನ ಮ್ಯಾಲಿಂದ ಇಳಿಬಿಟ್ಟನಂತ.
ಆಕಡೆ ಬಹಳ ಹೊತ್ತು ಸಪ್ಪಳಿಲ್ಲ.
ಆಮ್ಯಾಲ ಅದೇ ಹಳೇ ದನಿ:
"ಉಪ್ಪು ಕಡಿಮಿ ಅದ, ಮೌಲಾ."

ಓಡ್ಕೋತ ಬಂದ, ಮಾಸ್ಕಿನೊಳಗ ನಗಿ ಹಿಡಿಸದಂಗ.
"ಬೈದ್ರು! ಹದಿನೇಳು ವರ್ಷದಾಗ ಒಮ್ಮೆ ಹೊಗಳಿಲ್ಲ,
ಈಗೂ ಬೈದ್ರು ನೋಡು!"
ಗಂಗೂಗ ಹೇಳಿದ, ಮಾಳಿಗಿ ಹತ್ತಿ ಓಣಿಗೆಲ್ಲ ಹೇಳಿದ.

ನಾನು ನನ್ನ ಪಾಲಿನ ಬನ್ನು ಮುರಿದು ಬಾಯಿಗಿಟ್ಟೆ.
ಉಪ್ಪು ಸರಿ ಇತ್ತು.
ಇನ್ನೊಂದು ತುತ್ತು ತಿಂದೆ. ಸರಿ ಇತ್ತು.
ಡಬ್ಬಿ ತಗದು ಹರಳುಪ್ಪು ನೆಕ್ಕಿದೆ, ನಂದೇನರ ತಪ್ಪೇನೋ ಅಂತ.
ನಾಲಿಗಿ ಉರೀತು.

ಆಶಾ ಕಾರ್ಯಕರ್ತಿ ಹಂಪಮ್ಮ ವಾರಕ್ಕೆರಡು ಸಲ
ಬಾಗಿಲಿಂದ ಮಾರು ದೂರ ನಿಂತು ಕೇಳ್ತಾಳ:
ಜ್ವರ ಅದನು? ಕೆಮ್ಮು?
ನಾಲಿಗಿಗೆ ರುಚಿ ಹತ್ತತದನು?

ಮೌಲಪ್ಪಗ ಏನೂ ಹೇಳಲಿಲ್ಲ.
ರಾತ್ರಿ ಎರಡಕ್ಕ ಅವನು ಎದ್ದ, ಅವತ್ತು ಸುಮ್ಮನ ಕೂಡಲಿಲ್ಲ,
ಪರಾತು ತಗೊಂಡ.
ನಾನು ಫೋನ್ ಹಿಡಕೊಂಡು ಹಿತ್ತಲಕ್ಕ ಹೋದೆ.
ಹಂಪಮ್ಮ ಮೂರನೇ ರಿಂಗಿಗೆ ಎತ್ತಿದಳು.
ಗಲ್ಲಿ ಹೇಳಿದೆ, ಹೆಸರು ಹೇಳಿದೆ,
ಉಪ್ಪಿನ ಮಾತೂ ಹೇಳಿದೆ.

ಒಳಗ ಅವನು ಹಿಟ್ಟಿಗೆ ಕೈ ಹಾಕಿ ಎಣಿಸ್ತಿದ್ದ:
ಗಂಗೂಗ ಒಂದು, ನಿನಗೊಂದು, ನನಗೊಂದು,
ಸಾಹೇಬ್ರಿಗೆ ಒಂದು.
"ಈ ಸಲ," ಅಂತ ಕೂಗಿದ,
"ಉಪ್ಪು ಒಂದು ಚಿಟಿಕಿ ಹೆಚ್ಚಿಗಿ ಹಾಕ್ಲೇನ?"