ಹೊಸಮನೆ

ಮಂಜೇಶ್ವರದ ನೋಂದಣಿ ಕಚೇರಿಯೆದುರು
ಜೆರಾಕ್ಸ್ ಅಂಗಡಿಗೂ ಸೋಡಾ ಅಂಗಡಿಗೂ ನಡುವಿನ ಮೇಜು ನನ್ನದು.
ದಸ್ತಾವೇಜು ಬರೆಯುವ ಲಾದ್ರು.
ಮೂವತ್ತೆರಡು ವರ್ಷ
ಪರರ ಜಾಗದ ನಾಲ್ಕು ಮೇರೆ ಬರೆದವನಿಗೆ
ತನ್ನ ಹೆಸರಿನ ಚೆಕ್ಕುಬಂದಿ ಗೊತ್ತಿರಲಿಲ್ಲ.

ರೇಶನ್ ಕಾರ್ಡಿನಲ್ಲಿ ನಾನು ಸೇವ್ಯರ್,
ಮತದಾರರ ಪಟ್ಟಿಯಲ್ಲಿ ಕ್ಷೇವಿಯರ್,
ಇಗರ್ಜಿಯ ಪುಸ್ತಕದಲ್ಲಿ, ಮಸಿ ಹರಡಿದ ಅಕ್ಷರದಲ್ಲಿ, ಸಾವೆರ್.
ಮುತ್ತಜ್ಜ ಪೆದ್ರು ಹುಟ್ಟಿದ್ದು ಗೋವೆಯ ಸಂತನ ಹಬ್ಬದ ದಿನ,
ಅದಕ್ಕೆ ಸಾವೆರ್.
ಅದರ ಮುಂದೆ ಇನ್ನೊಂದು ಹೆಸರಿತ್ತಂತೆ,
ಹಾಜರಿ ಪುಸ್ತಕದ ಗೆರೆ ಗಿಡ್ಡವಾಯಿತೆಂದು
ಮಾಸ್ತರರು ಬಿಟ್ಟರಂತೆ.
ಗೆರೆ ಎರಡು ಅಂಗುಲ ಉದ್ದವಿದ್ದಿದ್ದರೆ
ನಾನು ಬೇರೆ ಯಾರೋ.

ಹೋದ ಮೀನ ಮಾಸದಲ್ಲಿ ಜಿಷಾ ಬಂದಳು,
ಕೈಯಲ್ಲಿ ಸಣ್ಣ ಸಣ್ಣ ಕೊಳವೆ.
ಎಂಜಲು ಕೊಡಿ ಅಂದಳು, ರಕ್ತದ ಬೇರು ನೋಡುತ್ತೇವೆ.
ನೀರು ಕುಡಿದ ಲೋಟವನ್ನು ಮೂರು ಸಲ ತೊಳೆಯುವ ಊರಿನಲ್ಲಿ
ಎಂಜಲು ಕೇಳಿಕೊಂಡು ಬಂದವಳು ಇವಳೊಬ್ಬಳೇ.
ನಾನು ಉಗುಳಿದೆ.
ಸೋಡಾ ಕುಡಿಯುತ್ತಿದ್ದ ಹೊಸಮನೆ ಐತ್ತಪ್ಪ ಉಗುಳಿದ.
ತೀರ್ವೆ ಕಟ್ಟಲು ಬಂದ ಪುದಿಯಪುರ ಅಂದುಞಿ
ಬಾಯಿ ಮುಕ್ಕಳಿಸಿ, ಬಿಸ್ಮಿ ಹೇಳಿ, ಉಗುಳಿದ.

ಹೆಸರು ಬರೆದುಕೊಳ್ಳುತ್ತಾ ಅವಳೇ ಹೇಳಿದ್ದು:
ಸ್ಪೇನಿನ ಬೆಟ್ಟದ ಕಡೆ ಬಾಸ್ಕ್ ಎಂಬ ಜನ.
ಅವರ ಮಾತು ಅಕ್ಕಪಕ್ಕದ ಯಾವ ಮಾತಿಗೂ ನೆಂಟನಲ್ಲ.
ಅಲ್ಲಿ ಮನುಷ್ಯ ಮನೆಗೆ ಹೆಸರಿಡುವುದಿಲ್ಲ,
ಮನೆಯೇ ಮನುಷ್ಯನಿಗೆ ಇಡುತ್ತದೆ.
ಎಚೆ ಎಂದರೆ ಮನೆ. ಬೆರಿ ಎಂದರೆ ಹೊಸದು.
ಎಚೆಬೆರಿ ಸವೆದು ಸವೆದು, ಹಡಗು ಹತ್ತಿ,
ಕೊನೆಗೆ ನಿಮ್ಮ ಸಾವೆರ್.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.
ಹೊಸಮನೆ. ಪುದಿಯಪುರ. ಸಾವೆರ್.
ಒಂದೇ ಮಾತಿಗೆ ಮೂರು ಬಾಗಿಲು,
ನಡುವೆ ನಾನೇ ಬರೆದ ಎರಡು ವ್ಯಾಜ್ಯದ ಕಾಗದ.
ಐತ್ತಪ್ಪ ಮಾತ್ರ ಮೀಸೆ ತೀಡುತ್ತಾ,
"ನಮ್ಮ ತುಳುವಿನಲ್ಲಿ ಬೆರಿ ಎಂದರೆ ಬೆನ್ನಲ್ಲವಾ ಮಾರಾಯ್ತಿ?"
ಜಿಷಾ ಅದನ್ನೂ ಬರೆದುಕೊಂಡಳು.

ಫಲ ಬಂದದ್ದು ಆಟಿ ಕಳೆದ ಮೇಲೆ.
ಆ ಬೆಟ್ಟದ ಚೂರು ನನ್ನಲ್ಲಿ ಒಂದಿಷ್ಟೂ ಇಲ್ಲ.
ಕಡಲಂಚಿನ ಹಳೆಯ ಜನ ನಾನು, ಹೊಯಿಗೆಯಷ್ಟು ಇಲ್ಲಿಯವನು.
ತಾಯಿಯ ತಾಯಿಯ ತಾಯಿಯ ಎಳೆ ಹಿಡಿದರೆ
ಅಂದುಞಿಯ ಅಮ್ಮನ ಅಂಗಳಕ್ಕೆ ಹೋಗಿ ಮುಟ್ಟುತ್ತದೆ.
ಸಮುದ್ರದಾಚೆಯ ಒಂದು ತುಣುಕು ಸಿಕ್ಕಿದ್ದು ನಿಜ.
ಅದಿರುವುದು ಐತ್ತಪ್ಪನಲ್ಲಿ,
ಭೂತದ ಕೋಲಕ್ಕೆ ಪ್ರತಿ ವರ್ಷ ಎಣ್ಣೆ ಹೊರುವವನಲ್ಲಿ.
ಯಾವ ಹಡಗು, ಯಾವ ರಾತ್ರಿ, ಯಾರ ಮನಸ್ಸಿತ್ತು, ಯಾರದಿರಲಿಲ್ಲ,
ಕಾಗದ ಹೇಳುವುದಿಲ್ಲ.
ಐತ್ತಪ್ಪ ಬಹಳ ಹೊತ್ತು ಸುಮ್ಮನಿದ್ದ.
ಸೋಡಾದ ಗೋಲಿ ಬಾಟಲಿಯ ಕುತ್ತಿಗೆಯಲ್ಲಿ ಅತ್ತಿತ್ತ ಹೊರಳಿತು.
ಆಮೇಲೆ ಅಂದ:
"ಹಾಗಾದರೆ ನನ್ನ ಹೆಸರು ನೀವಿಟ್ಟುಕೊಳ್ಳಿ,
ನಿಮ್ಮದು ನನಗೆ ಕೊಡಿ. ಒಂದು ಅದಲುಬದಲು ಪತ್ರ ಬರೆಯಿರಿ."
ಬರೆಯಬಹುದಿತ್ತು.
ಮುದ್ರಾಂಕ ದಂಡ. ಅರ್ಥ ಒಂದೇ.

ಸಂಜೆ ಮನೆಗೆ ಬಂದು ನೋಡಿದೆ.
ಮುರಕಲ್ಲಿನ ಗೋಡೆ ಹೊಟ್ಟೆ ಬಿಟ್ಟಿದೆ,
ಹಂಚಿನ ಕೆಳಗೆ ಒಂದು ಪಾತ್ರೆ ಕಾಯಂ.
ಐತ್ತಪ್ಪನ ಹೊಸಮನೆಗೆ ಗೆದ್ದಲು.
ಪುದಿಯಪುರದ ಜಗಲಿಯನ್ನು ಅಂದುಞಿಯ ಅಜ್ಜನೇ ಹಳತು ಎನ್ನುತ್ತಿದ್ದನಂತೆ.
ಹೊಸದೆಂದು ಹೇಳುವ ಹೆಸರು
ಎಷ್ಟು ವರ್ಷ ಸುಳ್ಳು ಹೇಳಬಹುದು?

ಮರುದಿನ ಒಂದು ದಾನಪತ್ರ.
ಪೂರ್ವಕ್ಕೆ ಹೊಸಮನೆಯವರ ಹಿತ್ತಿಲು,
ಉತ್ತರಕ್ಕೆ ಪುದಿಯಪುರದವರ ಗೋಡೆ,
ದಕ್ಷಿಣಕ್ಕೆ ಓಣಿ,
ಪಶ್ಚಿಮಕ್ಕೆ ಸಮುದ್ರ ಪುರಂಬೋಕು.
ಮನೆ ಹೆಸರು ಎಂಬ ಕಾಲಂ ಬಂದಾಗ ಪೆನ್ನು ನಿಂತಿತು.
ಹೊಸಮನೆ ಎಂದವನು
ಹಳೆಯದೊಂದಕ್ಕೆ ಬೆನ್ನು ಹಾಕಿದವನೇ.
ಐತ್ತಪ್ಪನ ತುಳು ತಪ್ಪಲ್ಲ.
ಬಿಟ್ಟುಬಂದ ಆ ಮನೆ ಯಾವುದು, ಯಾಕೆ ಬಿಟ್ಟರು,
ಬಾಗಿಲೆಳೆದುಕೊಂಡಾಗ ಒಳಗೆ ಯಾರಿದ್ದರು?

ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲ.
ಬೆರಳನ್ನು ನಾಲಗೆಗೆ ಮುಟ್ಟಿಸಿ
ಪುಟ ತಿರುಗಿಸಿದೆ.