ಕಡ್ಡಿ

"ಎಂಜಿನ್ ಆರಿಸಬೇಡಿ" ಎಂದ ದಸ್ತಗೀರ್,
"ಬಿಸಿಯಲ್ಲೇ ನೋಡಬೇಕು ಇದನ್ನ."
ಗೇರನ್ನು ಒಂದೊಂದೇ ಮನೆಗೆ ಕಳಿಸಿ, ತಿರುಗಿ ಕರೆಸಿ
ಕಡ್ಡಿ ಎಳೆದ.

ಸಾಲಗಾಮೆ ರಸ್ತೆಯ ಬಿಸಿಲು.
ಪದ್ಮಯ್ಯನವರು ಇನ್ನೂ ಹೇಳುತ್ತಲೇ ಇದ್ದರು:
ಡಾಕ್ಟರಮ್ಮನ ಗಾಡಿ, ಮನೆ ಆಸ್ಪತ್ರೆ, ಆಸ್ಪತ್ರೆ ಮನೆ,
ಹಾಸನ ದಾಟಿದ್ದೇ ಇಲ್ಲ.

ಒರೆಸಿ, ಅದ್ದಿ, ಮತ್ತೆ ಎಳೆದು
ಬಿಳಿ ಬನಿಯನ್ ಚೂರಿಗೆ ಒತ್ತಿದ.
ದಾಸವಾಳದ ಬಣ್ಣ ಇರಬೇಕಿತ್ತಂತೆ.
ಇದು ಡಿಕಾಕ್ಷನ್.
ಮೂಗಿನ ಹತ್ತಿರ ಹಿಡಿದ: ಸೀದ ಒಗ್ಗರಣೆ.

"ಶಿರಾಡಿ ಎಷ್ಟು ಸಲ ಹತ್ತಿದೀಯಪ್ಪಾ ನೀನು?"
ಕೇಳಿದ್ದು ಗಾಡಿಯನ್ನ.
ಪದ್ಮಯ್ಯ ಕನ್ನಡಕ ಒರೆಸಿಕೊಂಡರು.

ಕ್ಲಚ್ ತುಳಿಯಲಾರದ ನನ್ನ ಎಡಗಾಲು
ಇನ್ನೂ ಆಸೆಯಲ್ಲಿತ್ತು.
ಆ ಚೂರನ್ನು ಮಡಿಸಿ
ಜೇಬಿಗೆ ಹಾಕಿಕೊಂಡೆ, ಯಾಕೋ.

ಬಸ್ಸಿನಲ್ಲಿ ಪಕ್ಕದಾಕೆ:
"ಏನೋ ಸೀದ ಹಾಗಿಲ್ವಾ?"