ಗುದೈಬಿಯಾದಲ್ಲಿ ಯಾನುವಾ

ಮನಾಮದ ಗುದೈಬಿಯಾ. ಲಿಫ್ಟಿನ ಮಗ್ಗುಲಲ್ಲಿ
ಹಿಂದೆ ಸ್ಟೋರ್ ಆಗಿದ್ದ ಕೋಣೆ.
ಆರು ಮಂಚ, ಒಂದು ಎಸಿ, ಒಂದು ಬಾಗಿಲು.
ಕಿಟಕಿ ಇಲ್ಲ.
ರಾಣೆಬೆನ್ನೂರಿನ ಬಡಗಿ ನಾನು, ಹಗಲೆಲ್ಲ
ಜುಫೇರಿನ ಗೋಪುರಗಳಿಗೆ
ಮಹಡಿಗೆ ನಲವತ್ತರಂತೆ ಕಿಟಕಿ ಕೂರಿಸಿ
ರಾತ್ರಿ ಗೋಡೆಗೆ ಮುಖ ಮಾಡಿ ಮಲಗುತ್ತೇನೆ.

ಮೇಲಿನ ಮಂಚ ಇನಾಸನದು.
ಇನಾಸ್ ಕ್ಯಾಸ್ತೆಲಿನೊ, ಶಿರ್ವದ ಕಡೆಯವನು.
ಸೆಮಿನರಿಯಲ್ಲಿ ಮೂರು ವರ್ಷ ಲ್ಯಾಟಿನ್ ಉರುಹೊಡೆದು
ನಾಲ್ಕನೆಯ ವರ್ಷ ಗೋಡೆ ಹಾರಿದ.
ಬಾಗಿಲಿರಲಿಲ್ಲವೇ ಎಂದರೆ
ಇತ್ತು, ಅಲ್ಲಿ ಫಾದರ್ ನಿಂತಿದ್ದರು ಎನ್ನುತ್ತಾನೆ.
ಈಗ ಇದೇ ಬಿಲ್ಡಿಂಗಿನ ಮೆಟ್ಟಿಲು ಒರೆಸುತ್ತಾನೆ.
ಕಾರ್ಡಿನಲ್ಲಿ ಅಚ್ಚಾಗಿದೆ ಕಸುಬು: ಜಾನಿಟರ್.

ಒಂದು ಶುಕ್ರವಾರ ಬಂಗುಡೆ ಹುರಿದ ಹೊಗೆ
ಹೋಗುವ ದಾರಿ ಕಾಣದೆ ನಮ್ಮ ಕಣ್ಣಿಗೇ ಬಂತು.
ಮದುರೈಯ ಚೊಕ್ಕಲಿಂಗಂ ಬೈದ:
ಈ ಸುಡುಗಾಡಿಗೆ ಒಂದು ಜನ್ನಲ್ ಇಡಬಾರದಿತ್ತೇ?
ಜನಲ್ ಅನ್ನು, ಎಂದು ತಿದ್ದಿದ ತಾನೂರಿನ ಬೀರಾನ್.
ಈರುಳ್ಳಿಯಿಂದ ತಲೆಯೆತ್ತದೆ ಮೊಫಿಜುಲ್: ಜಾನಾಲಾ.
ಜನೇಲಯ, ಎಂದ ಗಾಲೆಯ ಸಿರಿಪಾಲ;
ಯಾವುದೋ ಗುಡಿಯ ಹೆಸರಿನಂತೆ ಕೇಳಿಸಿತು ನನಗೆ.
ಇನಾಸ್ ಮೇಲಿನಿಂದ ಕಾಲು ಇಳಿಬಿಟ್ಟ: ಜನೆಲ್.

ಎಲ್ಲ ಒಂದೇ ಕಣ್ರೋ, ಎಂದ.
ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು,
ಇಲ್ಲೇ ಕಡಲಂಚಿನ ಕೋಟೆಯಲ್ಲಿ ಕೂತಿದ್ದರಲ್ಲ, ಅವರದೇ ಮಾತು.
ಅದಕ್ಕೂ ಹಿಂದೆ ರೋಮಿನಲ್ಲಿ ಅದು ಯಾನುವಾ.
ಯಾನುವಾ ಅಂದರೆ ಕಿಟಕಿಯಲ್ಲ,
ಬಾಗಿಲು.
ಪುಟ್ಟ ಬಾಗಿಲೇ, ಪುಟ್ಟ ಬಾಗಿಲೇ ಎಂದು ಮುದ್ದು ಮಾಡಿ ಮಾಡಿ
ಅದು ಸೊರಗಿ ಕಿಟಕಿಯಾಯಿತು.

ನನಗಿದು ಹೊಸತಲ್ಲ.
ಅಳತೆ ತಪ್ಪಿದ ಬಾಗಿಲನ್ನು ಕೊಯ್ದು
ಎಷ್ಟೋ ಕಿಟಕಿ ಮಾಡಿದ್ದೇನೆ.
ಕಿಟಕಿಯಿಂದ ಬಾಗಿಲು ಮಾಡಲು ಬರುವುದಿಲ್ಲ.

ಜನವರಿಯೂ ಅದೇ ಮನೆತನ, ವರ್ಷದ ಹೊಸಿಲು, ಎಂದ.
ನನ್ನ ವೀಸಾ ಮುಗಿಯುವುದೂ ಆಗಲೇ, ಎಂದ ಬೀರಾನ್.
ಮತ್ತೆ ನಿನ್ನ ಕಾರ್ಡಿನದು?
ಅದೂನೂ. ಬಾಗಿಲು ಕಾಯುವವನು ಎಂದರ್ಥ.
ಕಾಯುತ್ತ ಸುಮ್ಮನೆ ನಿಂತವನನ್ನು ಯಾರೋ ನೋಡಿ
ಕೈಗೊಂದು ಕಸಬರಿಕೆ ಕೊಟ್ಟಿರಬೇಕು.

ನಮ್ಮದು? ಎಂದು ಕೇಳಿದರು ನನ್ನನ್ನು.
ಬಾಗಿ ಬರಬೇಕು, ಅದಕ್ಕೇ ಬಾಗಿಲು
ಎನ್ನುತ್ತಿದ್ದ ನಮ್ಮಜ್ಜ, ಉಳಿ ಮಸೆಯುತ್ತ.
ಅಲ್ಲ, ಬಾಯಿ ಮತ್ತು ಇಲ್, ಮನೆಯ ಬಾಯಿ, ಎಂದಿದ್ದರು
ಹೈಸ್ಕೂಲಿನ ಕನ್ನಡ ಮೇಷ್ಟ್ರು.
ಇಲ್ ಎಂದರೆ ಹಳೆಯ ಕಾಲದಲ್ಲಿ ಮನೆ.
ಈಗ ಆ ಸದ್ದಿಗೆ ನಮ್ಮಲ್ಲಿ ಉಳಿದದ್ದು
ಇಲ್ಲ.
ಸೂಕಿನ ಎದುರು ಬಾಬ್ ಅಲ್ ಬಹ್ರೇನ್ ಇದೆ, ದೊಡ್ಡ ಕಮಾನು,
ಕದವಿಲ್ಲ, ಅಗುಳಿಯಿಲ್ಲ, ತಿರುಗಣಿಯಿಲ್ಲ.
ಊರೆಲ್ಲ ಅದನ್ನು ಬಾಗಿಲೆನ್ನುತ್ತದೆ.
ಬಡಗಿಗೆ ಅಲ್ಲಿ ಕೆಲಸವಿಲ್ಲ.

ಆ ರಾತ್ರಿ ಇನಾಸನ ಮಗಳು ಫೋನಿನಲ್ಲಿ ಕೇಳಿದಳು,
ಸ್ಪೀಕರ್ ಹಾಕಿದ್ದ, ನಮಗೂ ಕೇಳಿಸಿತು:
ಪಪ್ಪಾ, ನಿನ್ನ ರೂಮಿಗೆ ಜನೆಲ್ ಉಂಟಾ?
ಒಂದು ಸಲ ನಮ್ಮ ಮಂಚಗಳ ಮೇಲೆ ಕಣ್ಣಾಡಿಸಿದ.
ಐದುಂಟು, ಎಂದ.
ಕಿಟಕಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ;
ನಾನೂ ಜಗಳ ತೆಗೆಯಲಿಲ್ಲ.
ಹೊರಗೆ ಏನು ಕಾಣುತ್ತದೆ ಎಂದಳು.
ನೆಟ್‌ವರ್ಕ್ ಸರಿಯಿಲ್ಲ ಮಗಾ, ನಾಳೆ ಮಾಡುತ್ತೇನೆ.

ಎರಡು ಗಂಟೆಗೆ ಬೆಲ್.
ಮೂರನೇ ಮಹಡಿಯವರು, ಮತ್ತೆ ಕೀಲಿ ಮರೆತಿದ್ದಾರೆ.
ಇನಾಸ್ ಕತ್ತಲಲ್ಲಿ ಏಣಿ ಇಳಿದ,
ನನ್ನ ಕಾಲು ತುಳಿದ, ಸಾರಿ ಎಂದ,
ಲುಂಗಿ ಬಿಗಿದುಕೊಂಡು ಕೀಲಿಗೊಂಚಲು ಹುಡುಕಿದ.
ಮೊದಲು ನಮ್ಮ ಬಾಗಿಲು, ಆಮೇಲೆ ಹೊರಗಿನದು.
ಅವರು ಥ್ಯಾಂಕ್ಸ್ ಎನ್ನದೆ ಲಿಫ್ಟ್ ಹತ್ತಿದರು.
ಎರಡನ್ನೂ ತೆರೆದೇ ಇಟ್ಟು
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.
ಬೀದಿಯ ಗಾಳಿ ಒಳಗೆ ಬಂತು.
ಮಧ್ಯಾಹ್ನದ ಬಂಗುಡೆ ಮೆಲ್ಲಗೆ
ಎದ್ದು ಹೊರಟಿತು.